ಹರಾಜಿನಲ್ಲಿ ಜಾಗ್ವಾರ್ ಇ-ಟೈಪ್: ನಂಬರ್ ತಾಳೆಯಾಯಿತು ಎಂದು ಬಿಡ್ ಕೂಗುವ ಮುನ್ನ

ಬ್ರಿಟನ್ನಿನ ಹರಾಜೊಂದರಲ್ಲಿ ಮಾರಾಟವಾದ ಇ-ಟೈಪ್, ಅಂದರೆ ಜಾಗ್ವಾರ್ ಕಂಪನಿಯ ಹಳೆಯ ಸ್ಪೋರ್ಟ್ಸ್ ಕಾರೊಂದರ ವಿಷಯ ಇದು. ಸೀರೀಸ್ 1, 4.2 ಲೀಟರ್ ಇಂಜಿನ್, ತೆರೆದ ರೋಡ್‌ಸ್ಟರ್, ಬಲಗಡೆ ಸ್ಟೀರಿಂಗ್. ಕ್ಯಾಟಲಾಗಿನಲ್ಲಿ ಮೂರು ಮಾತು ಎದ್ದು ಕಾಣುವಂತಿದ್ದವು: ಮ್ಯಾಚಿಂಗ್ ನಂಬರ್ಸ್ (ಭಾಗಗಳ ಮೇಲಿನ ನಂಬರುಗಳು ಫ್ಯಾಕ್ಟರಿ ದಾಖಲೆಗೆ ತಾಳೆಯಾಗುತ್ತವೆ), ಹೆರಿಟೇಜ್ ಸರ್ಟಿಫಿಕೇಟ್ (ಫ್ಯಾಕ್ಟರಿ ದಾಖಲೆಯ ಪ್ರಮಾಣಪತ್ರ) ಇದೆ, ಹಿಂದೆ ಪೂರ್ತಿ ರೆಸ್ಟೊರೇಷನ್ (ಬಿಚ್ಚಿ ಮೊದಲಿನಂತೆ ಮಾಡುವ ಕೆಲಸ) ಆಗಿದೆ. ಕೊಂಡವರು ಗ್ಯಾರೇಜಿಗೆ ತಂದು ಲಿಫ್ಟಿಗೆ ಏರಿಸಿದರು. ಚಕ್ರಗಳು ನೆಲ ಬಿಟ್ಟ ಮೇಲೆ ಡ್ರೈವರ್ ಕಡೆಯ ಬಾಗಿಲು ತೆರೆಯಲೇ ಇಲ್ಲ. ಕೆಳಗಿಳಿಸಿದರೆ ತೆರೆಯಿತು, ಮತ್ತೆ ಏರಿಸಿದರೆ ಸಿಕ್ಕಿಕೊಂಡಿತು. ಸಮಸ್ಯೆ ಅಷ್ಟಕ್ಕೇ ನಿಲ್ಲಲಿಲ್ಲ. ಬಿಚ್ಚಿ ನೋಡಿದಾಗ ಅದು ಒಂದು ಕಾರಿನ ಮುಂಭಾಗ ಮತ್ತು ಇನ್ನೊಂದು ಕಾರಿನ ಬಾಡಿ ಕೂಡಿಸಿದ ಗಾಡಿ ಎಂದು ಗೊತ್ತಾಯಿತು. ಹರಾಜು ಸಂಸ್ಥೆ ಷರತ್ತುಗಳ ಪ್ರತಿ ಕಳಿಸಿ ಕೈ ತೊಳೆದುಕೊಂಡಿತು.

ಆ ಮೂರು ಮಾತುಗಳಲ್ಲಿ ಎಲ್ಲಿ ಯಾಮಾರುತ್ತೇವೆ, ನೋಡುವ ದಿನವೇ ಅದನ್ನು ಹಿಡಿಯುವುದು ಹೇಗೆ ಎಂದು ವಿವರವಾಗಿ ಬರೆಯುತ್ತಿದ್ದೇವೆ. ಇ-ಟೈಪ್ ಮೇಲೆ ಕಣ್ಣಿಟ್ಟವರು ದಯವಿಟ್ಟು ಪೂರ್ತಿ ಓದಿ.

ಮೊದಲು ಈ ಕಾರಿನ ಕಟ್ಟಣೆ ತಿಳಿದಿರಬೇಕು. ಹಿಂದಿನ ಮುಕ್ಕಾಲು ಭಾಗ, ಅಂದರೆ ಡ್ಯಾಶ್‌ಬೋರ್ಡ್ ಮುಂದಿನ ಗೋಡೆಯಿಂದ ಬಾಲದ ತನಕ, ತಗಡು ಮಡಚಿ ಬೆಸೆದ ಮಾನೊಕಾಕ್, ಅಂದರೆ ಬಾಡಿಯೇ ಚಾಸಿಯ ಕೆಲಸವನ್ನೂ ಮಾಡುತ್ತದೆ. ಇಂಜಿನ್ ಕೂರುವ ಮುಂಭಾಗ ಬೇರೆ. ರೆನಾಲ್ಡ್ಸ್ 531 ಎಂಬ ಉಕ್ಕಿನ ಚೌಕ ಪೈಪುಗಳನ್ನು ಬ್ರೇಜಿಂಗ್ ಮಾಡಿ (ಪೈಪನ್ನೇ ಕರಗಿಸದೆ ನಡುವೆ ಬೇರೆ ಲೋಹ ಕರಗಿಸಿ ಬೆಸೆದು) ಕಟ್ಟಿದ ಫ್ರೇಮುಗಳನ್ನು ಆ ಗೋಡೆಗೆ ಬೋಲ್ಟ್ ಹಾಕಿ ಕೂರಿಸಿರುತ್ತಾರೆ. ಎಡಕ್ಕೊಂದು, ಬಲಕ್ಕೊಂದು, ಅವೆರಡರ ಮುಂದೆ ಅಡ್ಡಲಾಗಿ 'ಪಿಕ್ಚರ್ ಫ್ರೇಮ್'. ಚಾಸಿ ನಂಬರ್ ಒತ್ತಿರುವುದು ಈ ಪಿಕ್ಚರ್ ಫ್ರೇಮಿನ ಮೇಲೆ, ಬಲಗಡೆ ಶಾಕ್ ಅಬ್ಸಾರ್ಬರ್ ಮೌಂಟಿನ ಮೇಲ್ಭಾಗದಲ್ಲಿ.

ಅಂದರೆ ಕಾರಿನ ಗುರುತು ಇರುವುದು ಸ್ಪ್ಯಾನರ್ ಹಿಡಿದು ಬಿಚ್ಚಬಹುದಾದ ಭಾಗದ ಮೇಲೆ. ಈ ಪ್ರಕರಣದ ಬೇರು ಇದೇ. ಅಪಘಾತದಲ್ಲಿ ಹಾಳಾದ ಅಥವಾ ತುಕ್ಕು ತಿಂದು ಮುಗಿದ ಕಾರಿನ ಪಿಕ್ಚರ್ ಫ್ರೇಮ್, ಕಾರಿನ ನಂಬರುಗಳನ್ನು ಒತ್ತಿದ ತಗಡು, ಕಾಗದಪತ್ರ ಇಷ್ಟಿದ್ದರೆ ಸಾಕು, ಬೇರೆ ಯಾವುದೋ ಕಾರಿನ ಬಾಡಿಯ ಮೇಲೆ ಕೂರಿಸಿ ಹಳೆಯ ಹೆಸರಿನಲ್ಲೇ ಮಾರಬಹುದು. ಫ್ರೇಮ್ ಬದಲಾಯಿಸುವುದೇ ತಪ್ಪು ಎಂದಲ್ಲ. ಅರವತ್ತು ವರ್ಷದ ಪೈಪು ಒಳಗಿಂದ ಕೊಳೆತರೆ ಹೊಸದು ಹಾಕಲೇಬೇಕು, ತುಂಬ ಒಳ್ಳೆಯ ಕಾರುಗಳಲ್ಲೂ ಹಾಕಿದ್ದಾರೆ. ಆದರೆ ಅದಕ್ಕೆ ಬಿಲ್ ಇರಬೇಕು, ಫೋಟೋ ಇರಬೇಕು, ಮಾರುವಾಗ ಬಾಯಿಬಿಟ್ಟು ಹೇಳಿರಬೇಕು.

ಹಾಗಾಗಿ ಇ-ಟೈಪ್‌ನಲ್ಲಿ ನಾಲ್ಕು ನಂಬರ್ ನೋಡಬೇಕು, ಒಂದೂ ಬಿಡದೆ. ಚಾಸಿ ನಂಬರಿನ ಜಾಗ ಹೇಳಿಯಾಯಿತು. ಇಂಜಿನ್ ನಂಬರ್ ಎರಡು ಕಡೆ ಇರುತ್ತದೆ: ಬ್ಲಾಕಿನ ಬಲಬದಿಯಲ್ಲಿ ಆಯಿಲ್ ಫಿಲ್ಟರಿನ ಮೇಲೆ, ಮತ್ತು ಸಿಲಿಂಡರ್ ಹೆಡ್ಡಿನ ಮುಂತುದಿಯಲ್ಲಿ. ಗೇರ್‌ಬಾಕ್ಸ್ ನಂಬರ್ ಕೇಸಿಂಗಿನ ಎಡ ಹಿಂಮೂಲೆಯ ಭುಜದ ಮೇಲೆ ಮತ್ತು ಮೇಲಿನ ಮುಚ್ಚಳದ ಮೇಲೆ. ಬಾಡಿ ನಂಬರ್ ಇಂಜಿನ್ ಹಿಂದಿನ ಗೋಡೆಯ ಬಲಗಡೆ, ಒಂದು ಪುಟ್ಟ ತಗಡಿನ ಮೇಲೆ. ಈ ನಾಲ್ಕನ್ನೂ ಒಟ್ಟಿಗೆ ಒತ್ತಿದ ದೊಡ್ಡ ಪ್ಲೇಟ್ ಇಂಜಿನ್ ಕೋಣೆಯಲ್ಲಿದೆ. ಈ ಪ್ಲೇಟ್ ಹೊಸದಾಗಿ ಸಿಗುತ್ತದೆ, ಯಾರು ಬೇಕಾದರೂ ಅಕ್ಷರ ಒತ್ತಿಸಿಕೊಳ್ಳಬಹುದು. ಪ್ಲೇಟಿಗೂ ಸರ್ಟಿಫಿಕೇಟಿಗೂ ತಾಳೆಯಾದರೆ ಏನೂ ಸಾಬೀತಾಗುವುದಿಲ್ಲ. ತಾಳೆ ನೋಡಬೇಕಾದದ್ದು ಲೋಹದ ಮೇಲೆ ಒತ್ತಿದ ನಂಬರನ್ನು.

ನಂಬರಿನ ಸರಣಿಯೂ ಮಾತಾಡುತ್ತದೆ. 4.2 ಸೀರೀಸ್ 1ರಲ್ಲಿ ಬಲಗಡೆ ಸ್ಟೀರಿಂಗಿನ ರೋಡ್‌ಸ್ಟರ್ 1ಇ1001ರಿಂದ ಶುರು, ಎಡಗಡೆಯದು 1ಇ10001ರಿಂದ. ಕೂಪೆಗಳಲ್ಲಿ (ಗಟ್ಟಿ ಛಾವಣಿಯ ಮಾದರಿ) ಬಲಗಡೆ 1ಇ20001, ಎಡಗಡೆ 1ಇ30001. ಹಿಂದೆ ಎರಡು ಸೀಟಿರುವ 2+2 ಮಾದರಿಯಲ್ಲಿ ಬಲಗಡೆ 1ಇ50001, ಎಡಗಡೆ 1ಇ75001. ಇಂಜಿನ್ ನಂಬರ್ 7ಇ ಎಂದು ಶುರುವಾಗುತ್ತದೆ. 1ಇ3 ಎಂದು ಶುರುವಾಗುವ ನಂಬರಿನ ಮೇಲೆ ಬಲಗಡೆ ಸ್ಟೀರಿಂಗಿನ ರೋಡ್‌ಸ್ಟರ್ ನಿಂತಿದ್ದರೆ, ಅದು ಎಡಗಡೆ ಸ್ಟೀರಿಂಗಿನ ಕೂಪೆಯಾಗಿ ಫ್ಯಾಕ್ಟರಿ ಬಿಟ್ಟದ್ದು, ಆಮೇಲೆ ಯಾರೋ ಕತ್ತರಿಸಿದ್ದಾರೆ. ಅಮೆರಿಕದಿಂದ ವಾಪಸ್ ಬಂದು ಸ್ಟೀರಿಂಗ್ ಬದಲಾಯಿಸಿಕೊಂಡ ಕಾರುಗಳು ಬಹಳ ಇವೆ. ಅದು ಪಾಪವಲ್ಲ, ಆದರೆ ಬೆಲೆ ಬೇರೆ.

ಈ ಪ್ರಕರಣದಲ್ಲಿ ಚಾಸಿ ನಂಬರ್ ಸರಿಯಾದ ಸರಣಿಯಲ್ಲೇ ಇತ್ತು. ಬ್ಲಾಕಿನ ನಂಬರ್ ಪ್ಲೇಟಿಗೆ ತಾಳೆಯಾಗುತ್ತಿತ್ತು. 'ಮ್ಯಾಚಿಂಗ್' ಎಂದು ಬರೆದದ್ದು ಇಷ್ಟರ ಮೇಲೆ. ಹೆಡ್ಡಿನ ನಂಬರ್ ಬೇರೆ. ಗೇರ್‌ಬಾಕ್ಸಿನದು ಯಾರೂ ನೋಡಿರಲಿಲ್ಲ, ಸೀಟುಗಳ ನಡುವಿನ ಕನ್ಸೋಲ್ ತೆಗೆಯದೆ ನೋಡುವುದು ಕಷ್ಟವೂ ಹೌದು. ಬಾಡಿ ನಂಬರಿನ ತಗಡು ಇರಲೇ ಇಲ್ಲ. ಅದು ಇರಬೇಕಾದ ಜಾಗದಲ್ಲಿ ಪುಟ್ಟಿ ತುಂಬಿ ಪೇಂಟ್ ಹೊಡೆದಿದ್ದ ಎರಡು ರಂಧ್ರಗಳಿದ್ದವು, ಟಾರ್ಚನ್ನು ಓರೆಯಾಗಿ ಹಿಡಿದಾಗ ಮಾತ್ರ ಕಾಣುವಂಥವು. ಬಾಡಿ ಯಾವ ಕಾರಿನದು ಎಂದು ಹೇಳುವ ನಂಬರ್ ಅದೊಂದೇ. ಅದಿಲ್ಲದ ಕಾರಿನಲ್ಲಿ ಉಳಿದ ಮೂರು ನಂಬರ್ ಕೂಡಿದರೂ ನೀವು ಕೊಳ್ಳುತ್ತಿರುವುದು ಬಿಚ್ಚಿ ಜೋಡಿಸಬಹುದಾದ ಬಿಡಿಭಾಗಗಳ ಗುರುತನ್ನು ಮಾತ್ರ.

ಬಣ್ಣ ಕೊನೆಯ ಸಾಕ್ಷಿಯಾಯಿತು. ಜಾಗ್ವಾರ್ ಡೈಮ್ಲರ್ ಹೆರಿಟೇಜ್ ಟ್ರಸ್ಟ್ ಕೊಡುವ ಸರ್ಟಿಫಿಕೇಟಿನಲ್ಲಿ ಫ್ಯಾಕ್ಟರಿಯ ದಾಖಲೆಯಂತೆ ನಂಬರುಗಳು, ಹೊರಬಣ್ಣ, ಒಳಗಿನ ಟ್ರಿಮ್ ಬಣ್ಣ, ತಯಾರಾದ ದಿನ, ಮೊದಲು ಕಳಿಸಿದ ಡೀಲರ್ ಎಲ್ಲ ಇರುತ್ತವೆ. ಈ ಕಾರಿನ ಸರ್ಟಿಫಿಕೇಟ್ ಓಪಲೆಸೆಂಟ್ ಸಿಲ್ವರ್ ಬ್ಲೂ ಎನ್ನುತ್ತಿತ್ತು, ಕಾರೂ ಅದೇ ಬಣ್ಣದಲ್ಲಿತ್ತು. ಆದರೆ ಡ್ಯಾಶ್ ಸಡಿಲಿಸಿ ಹಿಂದೆ ಕನ್ನಡಿ ಹಿಡಿದರೆ ಕಾರ್ಮೆನ್ ರೆಡ್. ಪೆಟ್ರೋಲ್ ಟ್ಯಾಂಕಿನ ಹಿಂದೆಯೂ ಕೆಂಪೇ. ಮೇಲೆ ಎಷ್ಟು ಸಲ ಪೇಂಟ್ ಆದರೂ ಡ್ಯಾಶಿನ ಹಿಂದೆ, ಟ್ಯಾಂಕಿನ ಸುತ್ತ, ಡಿಕ್ಕಿಯ ಹಲಗೆಗಳ ಕೆಳಗೆ ಹಳೆಯ ಬಣ್ಣ ಉಳಿದಿರುತ್ತದೆ. ಹಾಗೇ ಇನ್ನೊಂದು ಮಾತು: ಆ ಸರ್ಟಿಫಿಕೇಟ್ ಹೇಳುವುದು ಅಂದು ಫ್ಯಾಕ್ಟರಿಯಿಂದ ಏನು ಹೊರಟಿತು ಎಂದು ಮಾತ್ರ. ಇಂದು ನಿಮ್ಮೆದುರು ನಿಂತಿರುವುದು ಅದೇ ಕಾರು ಎಂದು ಅದು ಎಲ್ಲೂ ಹೇಳುವುದಿಲ್ಲ. ಹರಾಜಿನವರೂ ಹಾಗೆ ಹೇಳುವುದಿಲ್ಲ, ಕಾಗದವನ್ನು ಕಾರಿನ ಪಕ್ಕದಲ್ಲಿ ಇಡುತ್ತಾರೆ, ಅಷ್ಟೇ.

ಈಗ ಬಾಗಿಲಿನ ವಿಷಯ. ರೋಡ್‌ಸ್ಟರಿಗೆ ಮೇಲ್ಛಾವಣಿಯ ಆಸರೆ ಇಲ್ಲ, ಬಾಗಿಲಿನ ಕೆಳಗೆ ಉದ್ದಕ್ಕೆ ಹೋಗುವ ಸಿಲ್ ಪೆಟ್ಟಿಗೆಗಳೇ ಬೆನ್ನುಮೂಳೆ. ಹೊರ ಸಿಲ್, ಒಳ ಸಿಲ್, ನೆಲ ಮೂರೂ ಸೇರಿದರೆ ಒಂದು ಮುಚ್ಚಿದ ಪೆಟ್ಟಿಗೆ. ನೀರು ಒಳಗೆ ಕೂತರೆ ತುಕ್ಕು ಒಳಗಿನಿಂದ ಹೊರಕ್ಕೆ ಬರುತ್ತದೆ. ಸರಿಯಾದ ಕ್ರಮ ಎಂದರೆ ಬಾಗಿಲ ಚೌಕಟ್ಟಿಗೆ ಅಡ್ಡ ಕಬ್ಬಿಣ ಬೆಸೆದು, ಬಾಡಿ ಬಾಗದಂತೆ ಆಧಾರ ಕೊಟ್ಟು, ಬಾಗಿಲು ಆಗಾಗ ಕೂರಿಸಿ ಸಂದು ಅಳೆಯುತ್ತ ಒಂದು ಬದಿ ಮುಗಿಸಿ ಆಮೇಲೆ ಇನ್ನೊಂದು ಬದಿಗೆ ಹೋಗುವುದು. ಇಲ್ಲಿ ಆಗಿದ್ದು ಕೊಳೆತ ಒಳ ಸಿಲ್ ಹಾಗೇ ಬಿಟ್ಟು, ಅದರ ಮೇಲೆ ಹೊಸ ಹೊರ ಸಿಲ್ ಮುಚ್ಚಿದ್ದು. ಹೊಳೆಯುವ ಪೇಂಟಿನ ಕೆಳಗೆ ಸಿಲ್ಲಿನ ತಳಭಾಗದಲ್ಲಿ 4 ಮಿಲಿಮೀಟರ್ ಪುಟ್ಟಿ.

ಹರಾಜಿನ ಹಾಲಿನಲ್ಲಿ ಲಿಫ್ಟ್ ಸಿಗುವುದಿಲ್ಲ, ಜಾಕ್ ಹಾಕಲೂ ಬಿಡುವುದಿಲ್ಲ. ಆದರೂ ಬಾಗಿಲ ಸಂದು ನೋಡಿದರೆ ಸಾಕಷ್ಟು ತಿಳಿಯುತ್ತದೆ. ಹಿಂಬದಿಯ ಸಂದು ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿದ್ದರೆ ನಡು ಕುಸಿದಿದೆ. ಬಾಗಿಲನ್ನು ಅರ್ಧ ತೆರೆದು ಮೆಲ್ಲಗೆ ಮೇಲಕ್ಕೆ ಎತ್ತಿ, ಆಟ ಕೀಲಿನಲ್ಲಿದೆಯೋ ಕೀಲು ಕೂತ ಕಂಬವೇ ಅಲುಗುತ್ತದೆಯೋ ನೋಡಿ. ಸಿಲ್ಲಿನ ತಳದ ಅಂಚಿನಲ್ಲಿ ಬೆರಳಾಡಿಸಿ. ಫ್ಯಾಕ್ಟರಿಯ ಸ್ಪಾಟ್ ವೆಲ್ಡ್ ಗುಳಿಗಳು ಸಾಲಾಗಿ ಕೈಗೆ ತಾಗಬೇಕು. ಉದ್ದಕ್ಕೆ ಗಂಟುಗಂಟಾದ ಬೆಸುಗೆ ತಾಗಿದರೆ, ಅಥವಾ ದಪ್ಪ ಅಂಡರ್‌ಸೀಲ್ (ತುಕ್ಕು ತಡೆಯಲು ಅಡಿಭಾಗಕ್ಕೆ ಬಳಿಯುವ ಲೇಪ) ಬಿಟ್ಟು ಏನೂ ತಾಗದಿದ್ದರೆ, ಸಂಶಯ ಪಡಿ.

ಪೇಂಟ್ ದಪ್ಪ ಅಳೆಯುವ ಮೀಟರ್ ತಪ್ಪದೆ ಒಯ್ಯಿರಿ. ಮರುಪೇಂಟ್ ಆದ ಕಾರಿನಲ್ಲಿ 200ರಿಂದ 400 ಮೈಕ್ರಾನ್ ಬಂದರೆ ಗಾಬರಿ ಬೇಡ. ಬಾಗಿಲಲ್ಲಿ 250 ಇದ್ದು ಸಿಲ್ಲಿನ ಕೆಳಗೆ ಏಕಾಏಕಿ 2,000 ದಾಟಿದರೆ ಅಲ್ಲಿ ಪುಟ್ಟಿಯೇ ಇರುವ ಸಾಧ್ಯತೆ ಹೆಚ್ಚು. ಒಂದು ಎಚ್ಚರಿಕೆ: ಇ-ಟೈಪ್ ಬಾಡಿಯ ಜೋಡಣೆಗಳಿಗೆ ಫ್ಯಾಕ್ಟರಿಯಲ್ಲೇ ಸೀಸ ತುಂಬಿ ನಯ ಮಾಡಿದ್ದಾರೆ. ಅಂಥ ಕಡೆ ಅಯಸ್ಕಾಂತ ಹಿಡಿಯುವುದಿಲ್ಲ, ಮೀಟರೂ ದಪ್ಪ ತೋರಿಸುತ್ತದೆ. ಅದನ್ನು ಪುಟ್ಟಿ ಎಂದುಕೊಂಡು ಒಳ್ಳೆಯ ಕಾರು ಬಿಟ್ಟುಬರಬೇಡಿ. ಸಿಲ್ಲಿನ ತಳ, ಚಕ್ರದ ಕಮಾನಿನ ಅಂಚು, ನೆಲ ಇಲ್ಲೆಲ್ಲ ಅಯಸ್ಕಾಂತ ಗಟ್ಟಿಯಾಗಿ ಹಿಡಿಯಲೇಬೇಕು.

ನೆಲಕ್ಕೆ ಮಂಡಿಯೂರಿ ಹಿಂಚಕ್ರದ ಮುಂದೆ ನೋಡಿ. ಹಿಂದಿನ ಸಸ್ಪೆನ್ಶನ್ನಿನ ರೇಡಿಯಸ್ ಆರ್ಮ್ ನೆಲಕ್ಕೆ ಸೇರುವ ಜಾಗ ತುಕ್ಕಿಗೆ ಹೆಸರುವಾಸಿ. ಹಿಂದಿನ ಡಿಸ್ಕ್ ಬ್ರೇಕುಗಳು ಚಕ್ರದಲ್ಲಿಲ್ಲ, ಡಿಫರೆನ್ಶಿಯಲ್ ಪಕ್ಕದಲ್ಲಿವೆ. ಡಿಫರೆನ್ಶಿಯಲ್ ಸೀಲ್ ಸೋರಿದರೆ ಎಣ್ಣೆ ನೇರ ಡಿಸ್ಕಿಗೆ. ರಿಪೇರಿಗೆ ಹಿಂದಿನ ಸಸ್ಪೆನ್ಶನ್ ಪಂಜರ ಪೂರ್ತಿ ಕೆಳಗಿಳಿಸಬೇಕಾಗುತ್ತದೆ. ಮುಂದಿನ ಫ್ರೇಮಿನ ಪೈಪುಗಳಲ್ಲಿ ಬ್ಯಾಟರಿಯ ಕೆಳಗಿನ ಭಾಗ ಮತ್ತು ಗೋಡೆಗೆ ಬೋಲ್ಟ್ ಹಾಕಿದ ತುದಿಗಳು ಮುಖ್ಯ. ಈ ಕಾರಿನಲ್ಲಿ ಬೋಲ್ಟೊಂದನ್ನು ತೆಗೆದ ಕೂಡಲೇ ಪೈಪಿನೊಳಗಿಂದ ಕಂದು ನೀರು ತೊಟ್ಟಿಕ್ಕಿತು. ಫ್ಯಾಕ್ಟರಿ ಬ್ರೇಜಿಂಗ್ ಮಾಡಿದ್ದ ಕಡೆ ಯಾರೋ ಮಿಗ್ ವೆಲ್ಡಿಂಗ್ ತೇಪೆ ಹಾಕಿದ್ದರು. ಆ ತೆಳು ಪೈಪಿಗೆ ಅಂಥ ಬೆಸುಗೆ ಬಿದ್ದರೆ ಬೆಸುಗೆಯ ಪಕ್ಕದಲ್ಲಿ ಬಿರುಕು ಬಿಡುವ ಭಯ, ಅಂಥ ಫ್ರೇಮ್ ಬದಲಾಯಿಸುವುದೇ ದಾರಿ.

ಇಂಜಿನ್ ಬಗ್ಗೆ ಹರಾಜಿನಲ್ಲಿ ಹೆಚ್ಚು ತಿಳಿಯುವುದಿಲ್ಲ. ಕಾರನ್ನು ಓಡಿಸಲು ಕೊಡುವುದಿಲ್ಲ, ಕಂಪ್ರೆಶನ್ ಟೆಸ್ಟಿಗೂ ಒಪ್ಪುವುದಿಲ್ಲ. ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ ಎಂದು ಮೊದಲೇ ಕೇಳಿಕೊಳ್ಳಿ. ಹೋದಾಗ ಎಕ್ಸಾಸ್ಟ್ ಬೆಚ್ಚಗಿದ್ದರೆ ಯಾಕೆ ಎಂದು ಕೇಳಿ. ಬಿಸಿಯಾದ ಮೇಲೆ 3,000 ಆರ್‌ಪಿಎಂನಲ್ಲಿ ಆಯಿಲ್ ಒತ್ತಡ ಸುಮಾರು 40 ಪಿಎಸ್‌ಐ ಇರಬೇಕು, ಆದರೆ ಒತ್ತಡ ಅಳೆದು ಮೀಟರಿಗೆ ಕಳಿಸುವ ಸೆಂಡರ್ ಸುಳ್ಳು ಹೇಳುವುದು ಸಾಮಾನ್ಯ. 4.2 ಬ್ಲಾಕಿನಲ್ಲಿ ಸಿಲಿಂಡರುಗಳ ನಡುವೆ ಬಿರುಕು ಬರುವುದು ಗೊತ್ತಿರುವ ದೋಷ. ಹೊರಗಿನಿಂದ ಕಾಣುವುದಿಲ್ಲ, ಆ ಖರ್ಚನ್ನು ಲೆಕ್ಕದಲ್ಲಿ ಹಿಡಿದೇ ಬಿಡ್ ಮಾಡಬೇಕು.

ಹರಾಜಿನ ಹಾಲಿಗೆ ಹೋಗುವ ಮೊದಲೇ ಮನೆಯಲ್ಲಿ ಕೂತು ಮಾಡಬಹುದಾದ ಕೆಲಸ ಒಂದಿದೆ, ಅದನ್ನು ಇಲ್ಲಿ ಯಾರೂ ಮಾಡಿರಲಿಲ್ಲ. ಬ್ರಿಟನ್ನಿನಲ್ಲಿ 40 ವರ್ಷ ದಾಟಿದ, ದೊಡ್ಡ ಬದಲಾವಣೆ ಆಗದ ಕಾರುಗಳಿಗೆ 2018ರ ಮೇ 20ರಿಂದ ವಾರ್ಷಿಕ ಎಂಒಟಿ ಪರೀಕ್ಷೆ (ವಾಹನ ರಸ್ತೆಗೆ ಯೋಗ್ಯವೇ ಎಂಬ ತಪಾಸಣೆ) ಕಡ್ಡಾಯವಲ್ಲ. ಹಾಗಾಗಿ ಎಂಒಟಿ ಇಲ್ಲ ಎಂದರೆ ತಪ್ಪೇನಿಲ್ಲ, ಆದರೆ ಆ ಕಾರಿನ ಅಡಿಭಾಗವನ್ನು ವರ್ಷಗಳಿಂದ ಯಾರೂ ನೋಡದೇ ಇರಬಹುದು. ಅದಕ್ಕೂ ಹಿಂದಿನ ಪರೀಕ್ಷೆಗಳ ಫಲಿತಾಂಶ ಸರ್ಕಾರಿ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ, ನೋಂದಣಿ ಸಂಖ್ಯೆ ಹಾಕಿದರೆ ಸಾಕು. ಓಡಿದ ಮೈಲಿ, ಫೇಲಾದ ಕಾರಣ, ಎಚ್ಚರಿಕೆ ಟಿಪ್ಪಣಿ ಎಲ್ಲ ಇರುತ್ತವೆ. ಈ ಕಾರಿನ ದಾಖಲೆಯಲ್ಲಿ ಸಿಲ್ ತುಕ್ಕಿನ ಟಿಪ್ಪಣಿ ಇತ್ತು, ಅದೂ ರೆಸ್ಟೊರೇಷನ್ ಆಯಿತು ಎಂದು ಹೇಳಿದ ಕಾಲಕ್ಕಿಂತ ವರ್ಷಗಳ ನಂತರದ್ದು. ರೆಸ್ಟೊರೇಷನ್ ಆಲ್ಬಮ್ ಕೊಟ್ಟರೆ ಪ್ರತಿ ಫೋಟೋದಲ್ಲೂ ಇದೇ ಕಾರೇ ಎಂದು ಕೇಳಿಕೊಳ್ಳಿ. ಒಂದರಲ್ಲೂ ನಂಬರ್ ಕಾಣದಿದ್ದರೆ ಅದು ಯಾವ ಕಾರಿನ ಆಲ್ಬಮ್ಮೂ ಆಗಬಹುದು. ವಿ5ಸಿ ನೋಂದಣಿ ಪತ್ರದಲ್ಲಿರುವ ಹೆಸರು ವಾಹನ ಇಟ್ಟುಕೊಂಡವರದು, ಮಾಲೀಕತ್ವಕ್ಕೆ ಅದು ಸಾಕ್ಷಿಯಲ್ಲ.

ಕ್ಯಾಟಲಾಗಿನ ಭಾಷೆಯನ್ನು ಪೆನ್ಸಿಲ್ ಹಿಡಿದು ಓದಿ. 'ಮಾಲೀಕರು ತಿಳಿಸಿದಂತೆ', 'ಎಂದು ನಂಬಲಾಗಿದೆ' ಎಂದಿರುವ ಸಾಲಿನ ಹೊಣೆ ಹರಾಜಿನವರದಲ್ಲ. ಮಾರಾಟದ ದಿನ ಲಾಟಿನ (ಹರಾಜಿಗಿಟ್ಟ ವಸ್ತುವಿನ) ಪಕ್ಕ ಅಂಟಿಸುವ ತಿದ್ದುಪಡಿ ಚೀಟಿ, ವೇದಿಕೆಯಿಂದ ಹೇಳುವ ಮಾತು ಕ್ಯಾಟಲಾಗನ್ನು ಮೀರುತ್ತವೆ. ಫೋನಿನಲ್ಲಿ ಬಿಡ್ ಮಾಡುವವರು ಅದನ್ನು ಕೇಳಿ ಓದಿಸಿಕೊಳ್ಳಲೇಬೇಕು.

ಹಣದ ಲೆಕ್ಕ ಹೀಗೆ. ಹರಾಜು ಸಂಸ್ಥೆ ಕೊಳ್ಳುವವರಿಂದ ಪಡೆಯುವ ಶುಲ್ಕ, ಅಂದರೆ ಪ್ರೀಮಿಯಂ, 15% ಎಂದಿಟ್ಟುಕೊಳ್ಳಿ, ಅದರ ಮೇಲೆ 20% ವ್ಯಾಟ್. ಸುತ್ತಿಗೆ 1,00,000 ಪೌಂಡಿಗೆ ಬಿದ್ದರೆ ಕೊಡಬೇಕಾದದ್ದು 1,18,000. ಕೈಯಲ್ಲಿ ಒಟ್ಟು 1,00,000 ಮಾತ್ರ ಇದ್ದರೆ 1.18ರಿಂದ ಭಾಗಿಸಿ, ಸುಮಾರು 84,700ಕ್ಕೆ ಕೈ ಇಳಿಸಬೇಕು. ಹೊರದೇಶದಿಂದ ಮಾರಾಟಕ್ಕೆಂದೇ ತಂದ ಕಾರಾದರೆ ಆಮದು ತೆರಿಗೆಯೂ ಸೇರುತ್ತದೆ, ಲಾಟ್ ನಂಬರಿನ ಪಕ್ಕದ ಪುಟ್ಟ ಗುರುತಿನ ಅರ್ಥ ಹುಡುಕಿ. ಷರತ್ತಿನಲ್ಲಿ ಹಕ್ಕು ಕಾಯ್ದಿರಿಸಿಕೊಂಡಿದ್ದರೆ, ರಿಸರ್ವ್ ಬೆಲೆ (ಅದಕ್ಕಿಂತ ಕಡಿಮೆಗೆ ಮಾರುವುದಿಲ್ಲ ಎಂಬ ಬೆಲೆ) ಮುಟ್ಟುವ ತನಕ ಹರಾಜುಗಾರರೇ ಮಾರುವವರ ಪರವಾಗಿ ಬಿಡ್ ಏರಿಸಬಹುದು. ಹಾಲಿನಲ್ಲಿ ಎದುರಾಳಿ ಇಲ್ಲದೆಯೂ ಬೆಲೆ ಏರುವುದು ಹಾಗೆ.

ಸುತ್ತಿಗೆ ಬಿದ್ದ ಕ್ಷಣಕ್ಕೆ ಒಪ್ಪಂದ ಮುಗಿಯುತ್ತದೆ, ಅದಾಗಿರುವುದು ನಿಮಗೂ ಮಾರಿದವರಿಗೂ ನಡುವೆ. ಹರಾಜು ಸಂಸ್ಥೆ ಮಾರುವವರ ಏಜೆಂಟ್ ಮಾತ್ರ. 2015ರ ಗ್ರಾಹಕ ಹಕ್ಕುಗಳ ಕಾಯ್ದೆ ಅಂಗಡಿಯಲ್ಲಿ ಕೊಂಡವರಿಗೆ ಕೊಡುವ ಗುಣಮಟ್ಟದ ರಕ್ಷಣೆ, ಖುದ್ದಾಗಿ ಹಾಜರಾಗಲು ಅವಕಾಶವಿರುವ ಸಾರ್ವಜನಿಕ ಹರಾಜಿನ ಹಳೆಯ ವಸ್ತುಗಳಿಗೆ ಸಿಗುವುದಿಲ್ಲ. ನೀವು ಹೋಗದೆ ಮನೆಯಿಂದಲೇ ಬಿಡ್ ಮಾಡಿದರೂ ಹಾಜರಾಗುವ ಅವಕಾಶ ಇತ್ತು ಎಂದೇ ಲೆಕ್ಕ.

ಈಗಾಗಲೇ ಕೊಂಡು ಅನುಮಾನ ಬಂದಿದ್ದರೆ ಏನನ್ನೂ ಬಿಚ್ಚಬೇಡಿ, ಓಡಿಸಬೇಡಿ. ನಂಬರುಗಳ ಜಾಗ, ರಂಧ್ರಗಳು, ಬಣ್ಣದ ಕುರುಹು ಎಲ್ಲದರ ಫೋಟೋವನ್ನು ಅಳತೆಪಟ್ಟಿ ಪಕ್ಕದಲ್ಲಿಟ್ಟು ತೆಗೆಯಿರಿ. ಮಾರುವವರ ಸಂಬಂಧವಿಲ್ಲದ ಇ-ಟೈಪ್ ತಜ್ಞರಿಂದ ಲಿಖಿತ ವರದಿ ಪಡೆದು, ಹರಾಜು ಸಂಸ್ಥೆಗೂ ಮಾರಿದವರಿಗೂ ಬರಹದಲ್ಲೇ ತಿಳಿಸಿ. ಕೆಲವು ಸಂಸ್ಥೆಗಳ ಷರತ್ತಿನಲ್ಲಿ ನಕಲಿ ಎಂದು ಸಾಬೀತಾದರೆ ವಾಪಸ್ ಪಡೆಯುವ ಕಲಮು ಇರುತ್ತದೆ, ಅದಕ್ಕೆ ಗಡುವೂ ಇರುತ್ತದೆ. ಈ ಪ್ರಕರಣದಲ್ಲಿ ಕೊಂಡವರು ಸಿಲ್ ಕತ್ತರಿಸಿ ರಿಪೇರಿ ಶುರು ಮಾಡಿದ ಮೇಲೆ ಪತ್ರ ಬರೆದರು. ಕಾರು ಮಾರಿದ ಸ್ಥಿತಿಯಲ್ಲಿ ಈಗ ಇಲ್ಲ ಎಂಬ ಒಂದೇ ಸಾಲಿನ ಉತ್ತರ ಬಂತು, ದೂರು ಅಲ್ಲಿಗೇ ನಿಂತಿತು.