ಕಾಲುಸೇತುವೆಯೂ ಸ್ವಂತ ಉದ್ಯಮವೂ: ಆರು ವಾರಗಳ ತರಬೇತಿಯೊಂದರ ವಿಮರ್ಶೆ

ದುರ್ಗಮ ಪ್ರದೇಶಗಳಿಗೆ ಕಾಲುಸೇತುವೆ ರೂಪಿಸುವುದನ್ನೂ ಸ್ವಂತ ಉದ್ಯಮ ಕಟ್ಟುವುದನ್ನೂ ಒಟ್ಟಿಗೆ ಕಲಿಸುವುದಾಗಿ ಹೇಳುವ, ಇಪ್ಪತ್ತರ ಆಸುಪಾಸಿನವರಿಗಾಗಿ ನಡೆಯುವ ಆರು ವಾರಗಳ ತರಬೇತಿಯೊಂದರಲ್ಲಿ ನಾನು ಮೊದಲಿನಿಂದ ಕೊನೆಯವರೆಗೆ ಕುಳಿತಿದ್ದೆ. ಸೇತುವೆಯ ಪಾಠವನ್ನು ಇಷ್ಟು ಅಚ್ಚುಕಟ್ಟಾಗಿ ಹೇಳಿಕೊಟ್ಟಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಆದರೆ ಉದ್ಯಮದ ಪಾಠ ಅದಕ್ಕೆ ಬೆಸೆದುಕೊಳ್ಳದೆ ಬೇರೆಯಾಗಿಯೇ ಉಳಿದಿದೆ, ಮತ್ತು ಇದನ್ನು ಸಣ್ಣ ಕೊರತೆಯೆಂದು ಬಿಟ್ಟುಬಿಡಲು ನನಗೆ ಮನಸ್ಸಾಗುವುದಿಲ್ಲ.

ಮೊದಲ ದಿನ ಎಲ್ಲರಿಗೂ ಒಂದು ಪ್ರಶ್ನಾವಳಿ ಕೊಟ್ಟರು. ಉದ್ಯಮದ ಬಗ್ಗೆ ಹಲವು ದೇಶಗಳಲ್ಲಿ 1999ರಿಂದ ನಡೆದು ಬಂದಿರುವ ಗ್ಲೋಬಲ್ ಆಂತ್ರಪ್ರಿನರ್‌ಶಿಪ್ ಮಾನಿಟರ್ ಸಮೀಕ್ಷೆಯಲ್ಲಿ ಕೇಳುವಂಥ ಪ್ರಶ್ನೆಗಳೇ ಅದರಲ್ಲಿದ್ದವು: ನಿಮ್ಮ ಸುತ್ತ ಉದ್ಯಮಕ್ಕೆ ಅವಕಾಶ ಕಾಣುತ್ತಿದೆಯೇ, ಅದಕ್ಕೆ ಬೇಕಾದ ತಿಳಿವಳಿಕೆಯೂ ಕೌಶಲವೂ ನಿಮ್ಮಲ್ಲಿವೆಯೇ, ಸೋಲಿನ ಭಯ ನಿಮ್ಮನ್ನು ತಡೆಯುತ್ತಿದೆಯೇ. ಆಮೇಲಿನ ಚರ್ಚೆಯಲ್ಲಿ ಹೆಚ್ಚಿನವರು ಅವಕಾಶ ಇದೆ ಎಂದರು, ಕೌಶಲದ ಮಾತು ಬಂದಾಗ ತಡವರಿಸಿದರು, ಸೋಲಿನ ಮಾತು ಬಂದಾಗಲಂತೂ ಮನಬಿಚ್ಚಿ ಮಾತಾಡಿದರು: ಸಾಲ, ಮನೆಯವರ ನಿರೀಕ್ಷೆ, ಕೈತಪ್ಪಿ ಹೋಗಬಹುದಾದ ಸಂಬಳದ ಕೆಲಸ. ಉದ್ಯಮವೆಂದರೆ ಒಂದು ಆ್ಯಪ್ ಮತ್ತು ಅದಕ್ಕೆ ಹಣ ಹಾಕುವ ಹೂಡಿಕೆದಾರ ಎಂಬ ಚಿತ್ರವೇ ಬಹುತೇಕರ ಮನಸ್ಸಿನಲ್ಲಿತ್ತು. ಈ ಹಿಂಜರಿಕೆಯನ್ನು ಹೀಗಳೆಯದೆ, ಪ್ರತಿಯೊಬ್ಬರ ಮಾತನ್ನೂ ಸಾವಧಾನವಾಗಿ ಕೇಳಿಸಿಕೊಂಡ ಬೋಧಕಿಯ ಬಗ್ಗೆ ನನಗೆ ಗೌರವವಿದೆ.

ಎರಡನೆಯ ವಾರದಿಂದ ನಾಲ್ಕನೆಯ ವಾರದವರೆಗೆ ಸೇತುವೆಯದೇ ಕೆಲಸ. ಗೋಪುರಗಳ ಮೇಲಿಂದ ಹಾಯಿಸಿದ ಉಕ್ಕಿನ ಹಗ್ಗಕ್ಕೆ ನಡೆಹಾದಿಯನ್ನು ತೂಗುಹಾಕುವುದು ಒಂದು ಬಗೆ. ದಡಗಳು ಎತ್ತರವಾಗಿದ್ದಲ್ಲಿ ಗೋಪುರವಿಲ್ಲದೆಯೇ ಎರಡೂ ಕಡೆ ಬಿಗಿದ ಹಗ್ಗಗಳ ಮೇಲೆ ನೇರವಾಗಿ ಹಲಗೆ ಹಾಸುವುದು ಇನ್ನೊಂದು ಬಗೆ. ಹಗ್ಗ ನಡುವೆ ಜೋತರೆ ನಡೆಯುವವರಿಗೆ ಹತ್ತಿಳಿಯುವ ಕಷ್ಟ, ಆದ್ದರಿಂದ ಅದನ್ನು ಆದಷ್ಟು ಬಿಗಿಯಾಗಿ ಎಳೆದುಬಿಡೋಣ ಎನ್ನುವುದೇ ಎಲ್ಲ ತಂಡಗಳ ಮೊದಲ ಯೋಚನೆಯಾಗಿತ್ತು. ಬೋಧಕರು ಬೇಡವೆನ್ನಲಿಲ್ಲ, ಅಂಗಳದಲ್ಲಿ ಹಗ್ಗ ಕಟ್ಟಿಸಿ, ಉದ್ದಕ್ಕೂ ಸಮನಾಗಿ ಮರಳುಚೀಲಗಳನ್ನು ತೂಗುಹಾಕಿಸಿ, ತುದಿಗೆ ಸಿಕ್ಕಿಸಿದ ಸ್ಪ್ರಿಂಗ್ ತಕ್ಕಡಿಯನ್ನು ಓದಲು ಹೇಳಿದರು. ಜೋಲು, ಅಂದರೆ ಹಗ್ಗ ನಡುವೆ ಕೆಳಗಿಳಿದ ಆಳ, ದಡಗಳ ನಡುವಿನ ಅಂತರದ ಹತ್ತನೆಯ ಒಂದು ಪಾಲಿದ್ದಾಗ ಹಗ್ಗದ ಅಡ್ಡಸೆಳೆತ ಒಟ್ಟು ಭಾರದ 1.25 ಪಟ್ಟಾಗುತ್ತದೆ, ಜೋಲನ್ನು ಇಪ್ಪತ್ತನೆಯ ಒಂದು ಪಾಲಿಗೆ ಇಳಿಸಿದರೆ ಅದು 2.5 ಪಟ್ಟಿಗೆ ಏರುತ್ತದೆ. ತಕ್ಕಡಿಯ ಮುಳ್ಳು ಏರುವುದನ್ನು ಕಣ್ಣಾರೆ ಕಂಡವರಿಗೆ ಸೂತ್ರವನ್ನು ಬಾಯಿಪಾಠ ಮಾಡಿಸಬೇಕಾಗಲಿಲ್ಲ. ಹಗ್ಗದ ತುದಿಯನ್ನು ಮಡಚಿ ಕ್ಲಾಂಪು ಹಾಕುವಾಗ ಯು-ಬೋಲ್ಟು ಭಾರ ಹೊರದ ತುಂಡುತುದಿಯ ಮೇಲೆಯೇ ಕೂರಬೇಕು, ತಿರುವುಮುರುವಾದರೆ ಭಾರ ಹೊರುವ ಎಳೆಯೇ ಜಜ್ಜಿಹೋಗುತ್ತದೆ ಎಂಬುದನ್ನೂ ಹೀಗೆಯೇ, ಪ್ರತಿಯೊಬ್ಬರ ಕೈಯಲ್ಲಿ ಮಾಡಿಸಿ ಕಲಿಸಿದರು.

ನನಗೆ ಎಲ್ಲಕ್ಕಿಂತ ಮೆಚ್ಚಿಕೆಯಾದದ್ದು ನೆರೆಯ ಮಟ್ಟ ಗುರುತಿಸುವ ಪಾಠ. ಅಳತೆಯ ದಾಖಲೆಗಳಿಲ್ಲದ ಹೊಳೆಯಲ್ಲಿ ನೀರು ಎಲ್ಲಿಯವರೆಗೆ ಏರಿತ್ತೆಂದು ದಡದ ಹಿರಿಯರನ್ನು ಬೇರೆಬೇರೆಯಾಗಿ ಕೇಳಿ, ಅವರ ಮಾತನ್ನು ಮರದ ಕಾಂಡಗಳಲ್ಲಿ ಉಳಿದ ಕೆಸರಿನ ಗುರುತಿನೊಂದಿಗೆ ತಾಳೆ ನೋಡಬೇಕು. ಜನರ ಅಗತ್ಯವನ್ನು ಊಹಿಸಿಕೊಳ್ಳದೆ ಅವರನ್ನೇ ಕೇಳಿ ತಿಳಿಯುವ ಈ ಕ್ರಮಕ್ಕಿಂತ ಒಳ್ಳೆಯ ಉದ್ಯಮಪಾಠ ಬೇರೆ ಇರಲಾರದು. ಆದರೆ ಉದ್ಯಮದ ಪಾಠ ಹೇಳಿದ ಐದನೆಯ ವಾರದ ಬೋಧಕರು ಇದನ್ನು ಒಮ್ಮೆಯೂ ನೆನಪಿಸಲಿಲ್ಲ.

ಐದನೆಯ ವಾರ ಗೋಡೆಯ ಮೇಲೆ ಕಂಡ ಮೊದಲ ವಾಕ್ಯ ‘ಸೋಲಿಗೆ ಅಂಜಬೇಡಿ’ ಎಂದಿತ್ತು. ಹಿಂದಿನ ಸಾಲಿನಲ್ಲಿದ್ದ ಹುಡುಗಿಯೊಬ್ಬಳು ಎದ್ದು, “ಸರ್, ಹೋದ ವಾರ ಹಗ್ಗಕ್ಕೆ ಬೇಕಾದದ್ದಕ್ಕಿಂತ ಮೂರು ಪಟ್ಟು ಬಲ ಇಟ್ಟಿದ್ದು ಸೋಲಿನ ಭಯದಿಂದಲೇ ಅಲ್ಲವೇ?” ಎಂದು ಕೇಳಿದಳು. ಅದು ಬೇರೆ ವಿಷಯ ಎಂದಷ್ಟೇ ಹೇಳಿ ಅವರು ಮುಂದುವರಿದರು. ನನ್ನ ಮಟ್ಟಿಗೆ ಇಡೀ ತರಬೇತಿಯ ಕೇಂದ್ರಪ್ರಶ್ನೆ ಅದೇ ಆಗಿತ್ತು. ಅಂಗಡಿ ಮುಚ್ಚಿಹೋದರೆ ನಷ್ಟದ ಹೆಚ್ಚಿನ ಪಾಲು ತೆರೆದವರದು. ಸೇತುವೆ ಕುಸಿದರೆ ಅದನ್ನು ನಂಬಿ ಹೆಜ್ಜೆಯಿಟ್ಟವರದು. ಭಯವನ್ನು ಸುರಕ್ಷತಾ ಗುಣಾಂಕವೆಂಬ, ಅಂದರೆ ಬೇಕಾದದ್ದರ ಎಷ್ಟು ಪಟ್ಟು ಬಲ ಇಡಬೇಕೆಂಬ, ಅಂಕಿಯಾಗಿಸಿ, ಲೆಕ್ಕಕ್ಕೆ ತಂದು, ಆಮೇಲೆ ಧೈರ್ಯವಾಗಿ ಕಟ್ಟುವುದು ಎಂಜಿನಿಯರಿಂಗಿನ ಕ್ರಮ. ಎಷ್ಟು ತಿಂಗಳು ಆದಾಯವಿಲ್ಲದೆ ನಡೆಸಬಲ್ಲೆ, ಎಷ್ಟರವರೆಗೆ ಸಾಲ ಮಾಡಬಲ್ಲೆ ಎಂದು ಅದೇ ರೀತಿ ಲೆಕ್ಕ ಹಾಕಲು ಕಲಿಸಿದ್ದರೆ ಮೊದಲ ದಿನದ ಆತಂಕಗಳಿಗೆ ನಿಜವಾದ ಉತ್ತರ ಸಿಗುತ್ತಿತ್ತು.

ಇನ್ನೊಂದು ಕೊರತೆ ಹಣದ್ದು. ದೂರದ ಹೊಳೆ ದಾಟುವವರು ಸಾಮಾನ್ಯವಾಗಿ ಸೇತುವೆಯ ವೆಚ್ಚ ಭರಿಸಲಾರರು; ಹಣ ಬರುವುದು ಸರ್ಕಾರದಿಂದ, ದಾನಿಗಳಿಂದ, ಊರವರ ಶ್ರಮದಾನದಿಂದ. ನಿಕರಾಗುವಾದ ಹಳ್ಳಿಗಳನ್ನು ಕುರಿತು ವ್ಯಾಟ್ ಬ್ರೂಕ್ಸ್ ಮತ್ತು ಕೆವಿನ್ ಡೊನೊವನ್ 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸೇತುವೆ ಬಂದ ಮೇಲೆ ನೆರೆಯ ದಿನಗಳಲ್ಲೂ ಹೊರಗಿನ ಕೂಲಿ ತಪ್ಪದೆ, ರೈತರು ಗೊಬ್ಬರದಂಥ ಒಳಸುರಿಗಳಿಗೆ ಹೆಚ್ಚು ಖರ್ಚು ಮಾಡತೊಡಗಿದರು. ಲಾಭ ಹೀಗೆ ಇಡೀ ಹಳ್ಳಿಗೆ ಹಂಚಿಹೋಗುವಲ್ಲಿ ಉದ್ಯಮಿಯ ಜಾಗ ಯಾವುದು? ಬಿಡಿಭಾಗಗಳನ್ನು ಹೊತ್ತು ಸಾಗಿಸಬಹುದಾದ ಗಾತ್ರದಲ್ಲಿ ತಯಾರಿಸುವುದು, ಸರ್ವೆ, ವರ್ಷಕ್ಕೊಮ್ಮೆ ನಟ್ಟುಬೋಲ್ಟು ಪರೀಕ್ಷಿಸಿ ಬಿಗಿಗೊಳಿಸುವುದು ಇವೆಲ್ಲ ಸಂಬಳ ಹುಟ್ಟಿಸುವ ಕೆಲಸಗಳೇ. ಮೆಕ್ಯಾನಿಕಲ್ ಎಂಜಿನಿಯರ್ ಗಿರೀಶ್ ಭಾರದ್ವಾಜ್ ಸ್ವಂತ ವರ್ಕ್‌ಶಾಪ್ ನಡೆಸುತ್ತಲೇ 1989ರಲ್ಲಿ ಸುಳ್ಯದ ಬಳಿಯ ಅರಂಬೂರಿನಲ್ಲಿ ಪಯಸ್ವಿನಿ ನದಿಗೆ ಮೊದಲ ತೂಗುಸೇತುವೆ ಕಟ್ಟಿದರು, ಮುಂದೆ ನೂರಕ್ಕೂ ಹೆಚ್ಚು ಕಟ್ಟಿ 2017ರಲ್ಲಿ ಪದ್ಮಶ್ರೀ ಪಡೆದರು. ಇಂಥ ಜೀವಂತ ಉದಾಹರಣೆಗಳ ಬದಲು ಎರಡು ವಾರ ಹೂಡಿಕೆದಾರರ ಮುಂದೆ ಐದು ನಿಮಿಷ ಮಾತಾಡುವ ಅಭ್ಯಾಸಕ್ಕೆ ಹೋಯಿತು.

ಕೈಪಿಡಿಯ ಮುದ್ರಣ ಸ್ಪಷ್ಟವಾಗಿದೆ, ಚಿತ್ರಗಳು ಸಾಕಷ್ಟಿವೆ. ಸೇತುವೆ ಕಲಿಯಬೇಕೆಂಬ ಆಸೆಯಿದ್ದವರು ಖಂಡಿತ ಸೇರಬೇಕು. ಉದ್ಯಮ ಕಲಿಯಲೆಂದೇ ಹೋಗುವವರು ಪಠ್ಯಕ್ರಮ ಬದಲಾಗುವವರೆಗೆ ಕಾಯುವುದು ಒಳ್ಳೆಯದು. ಸೇರುವುದಾದರೆ ಬೆಳಗಿನ ತಂಡವನ್ನೇ ಆರಿಸಿಕೊಳ್ಳಿ. ಹಗ್ಗದ ಪ್ರಯೋಗ ಬಯಲಿನಲ್ಲಿ ನಡೆಯುವುದರಿಂದ ಸಂಜೆಯ ತಂಡಕ್ಕೆ ತಕ್ಕಡಿ ಓದುವಷ್ಟು ಬೆಳಕು ಉಳಿಯುವುದಿಲ್ಲ.