ವ್ಯಾನ್ ಹೀಟ್ ಆಯ್ತು ಅಂತ ತಕ್ಷಣ ಇಂಜಿನ್ ಬಿಚ್ಚಲು ಬಿಡಬೇಡಿ

ಹಳೇ ಓಮ್ನಿ ಇಟ್ಟುಕೊಂಡವರು ಇದನ್ನು ಓದಲೇಬೇಕು. ಈಕೋ ಇದ್ದವರೂ ಓದಿ. ಎರಡರಲ್ಲೂ ಇಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ, ಇಂಜಿನ್ನಿನ ನೀರು ತಣಿಸುವ ರೇಡಿಯೇಟರ್ ಇರುವುದು ಗಾಡಿಯ ಮೂತಿಯಲ್ಲಿ. ಹಾಗಾಗಿ ಹೀಟ್ ಆಗುವ ಕಾಟವೂ ಹೆಚ್ಚುಕಡಿಮೆ ಒಂದೇ ತರಹದ್ದು.

ನಮ್ಮದು 2012ರ ಓಮ್ನಿ. ತೀರ್ಥಹಳ್ಳಿ ಕಡೆ ತೋಟದ ಮನೆಗಳಿಗೆ ಈ ಗಾಡಿ ಎಷ್ಟು ಬೇಕಾದದ್ದು ಅಂತ ಬಿಡಿಸಿ ಹೇಳಬೇಕಿಲ್ಲ. ಗೊಬ್ಬರದ ಚೀಲ, ಅಡಿಕೆ ಮೂಟೆ, ಮದುವೆಗೆ ಹೊರಟ ಮನೆಮಂದಿ, ಎಲ್ಲಾ ಅದರಲ್ಲೇ. 2019ರಲ್ಲಿ ತಯಾರಿಕೆ ನಿಂತರೂ ನಮ್ಮೂರಲ್ಲಿ ಇದನ್ನು ಮಾರಲು ಯಾರಿಗೂ ಮನಸ್ಸಿಲ್ಲ. 796 ಸಿಸಿಯ ಪುಟ್ಟ ಮೂರು ಸಿಲಿಂಡರ್ ಇಂಜಿನ್, ನೋಡಿಕೊಂಡರೆ ಗಟ್ಟಿ. ಗಾಡಿ ಮೇಲೆ ನನಗೆ ದೂರಿಲ್ಲ. ರಿಪೇರಿ ಮಾಡಿದವರ ಮೇಲಿದೆ.

ಉಡುಪಿಯಿಂದ ವಾಪಸ್ ಬರುವಾಗ ಆಗುಂಬೆ ಘಾಟಿಯಲ್ಲಿ ಟೆಂಪರೇಚರ್ ಮುಳ್ಳು ಮೇಲಕ್ಕೆ ಹೋಯಿತು. ಸೋಮೇಶ್ವರದಿಂದ ಹದಿನಾಲ್ಕು ತಿರುವು, ಪೂರಾ ಏರು. ಗಾಡಿ ನಿಲ್ಲಿಸಿ, ಆರಲು ಬಿಟ್ಟು, ನೀರು ಹಾಕಿಕೊಂಡು ಹೇಗೋ ಮನೆ ಸೇರಿದೆವು. ಮರುದಿನ ಪೇಟೆಯ ಗ್ಯಾರೇಜಿಗೆ ಕೊಟ್ಟೆ. ಹೆಸರು ಹೇಳುವುದಿಲ್ಲ. ಬೋರ್ಡು ದೊಡ್ಡದು, ಗಿರಾಕಿಗಳೂ ಜಾಸ್ತಿ.

ಮೇಸ್ತ್ರಿ ಸೀಟು ಎತ್ತಿದರು, ಆಯಿಲ್ ಗೇಜ್ ಎಳೆದು ನೋಡಿದರು. "ಹೆಡ್ ಗ್ಯಾಸ್ಕೆಟ್ ಹೋಗಿದೆ ಸಾರ್, ಓಮ್ನಿ ಅಂದ್ರೆ ಇದೇ ಪ್ರಾಬ್ಲಂ" ಅಂದರು. ಹೆಡ್ ಅಂದರೆ ಇಂಜಿನ್ನಿನ ಮೇಲಿನ ಮುಚ್ಚಳ, ಅದಕ್ಕೂ ಇಂಜಿನ್ನಿಗೂ ನಡುವೆ ಸೋರದಂತೆ ಕೂರಿಸುವ ಹಾಳೆಯೇ ಗ್ಯಾಸ್ಕೆಟ್. ಸರಿ, ಗ್ಯಾಸ್ಕೆಟ್ ಹೋಗಿದ್ದು ನಿಜವೇ. ಆಯಿಲ್ ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ತಿರುಗಿತ್ತು, ಅಂದರೆ ನೀರು ಸೇರಿದೆ ಅಂತ. ಆದರೆ ಗ್ಯಾಸ್ಕೆಟ್ ತಾನಾಗಿ ಹೋಗುವುದಿಲ್ಲ ಅಲ್ವಾ? ಇಂಜಿನ್ ಮಿತಿಮೀರಿ ಬಿಸಿಯಾದರೆ ಅಲ್ಯೂಮಿನಿಯಂ ಹೆಡ್ ಸೊಟ್ಟಗಾಗುತ್ತೆ, ಆಮೇಲೆ ಗ್ಯಾಸ್ಕೆಟ್ ಬಾಯಿ ಬಿಡುತ್ತೆ. ಹಾಗಾದರೆ ಬಿಸಿ ಆಗಿದ್ದು ಯಾಕೆ? ಇದನ್ನು ಕೇಳಿದ್ದಕ್ಕೆ "ಘಾಟಿ ಅಲ್ವಾ ಸಾರ್" ಅನ್ನುವ ಉತ್ತರ ಬಂತು. ಅದೇ ಘಾಟಿಯನ್ನು ಅದೇ ಗಾಡಿ ವರ್ಷಗಟ್ಟಲೆ ಹತ್ತಿದೆ.

ಹೆಡ್ ಇಳಿಸಿ ಲೇತಿಗೆ ಕಳಿಸಿ ಫೇಸಿಂಗ್ ಮಾಡಿಸಿದರು. ಹೊಸ ಗ್ಯಾಸ್ಕೆಟ್, ಆಯಿಲ್, ಲೇಬರ್ ಎಲ್ಲಾ ಸೇರಿ ಹದಿನಾಲ್ಕು ಸಾವಿರ. ಬಿಲ್ ಕೇಳಿದರೆ "ಬಿಲ್ ಹಾಕಿದ್ರೆ ಜಿಎಸ್‌ಟಿ ಸೇರುತ್ತೆ, ನಿಮಗೇ ಲಾಸು" ಅಂತ ಒಂದು ಚೀಟಿಯಲ್ಲಿ ಮೊತ್ತ ಬರೆದುಕೊಟ್ಟರು. ಒಂದು ವಾರ ಚೆನ್ನಾಗಿ ಓಡಿತು. ಕೊಪ್ಪದ ದಾರಿಯಲ್ಲಿ ಮತ್ತೆ ಅದೇ ಕಥೆ. ಈ ಸಲ ವಾಟರ್ ಪಂಪಿನ ಮೇಲೆ ತಪ್ಪು ಹೊರಿಸಿ ಅದನ್ನು ಬದಲಿಸಿದರು. ಮತ್ತೆ ಹೆಡ್ ಇಳಿಯಿತು, ಮತ್ತೆ ಫೇಸಿಂಗ್. ಫೇಸಿಂಗ್ ಅಂದರೆ ಹೆಡ್ಡಿನ ತಳವನ್ನು ಉಜ್ಜಿ ಸಮ ಮಾಡುವುದು. ಪ್ರತಿ ಸಲ ಒಂದಿಷ್ಟು ಲೋಹ ಹೋಗುತ್ತೆ, ಸಿಲಿಂಡರಿನೊಳಗಿನ ಒತ್ತಡ, ಅಂದರೆ ಕಂಪ್ರೆಷನ್, ಏರುತ್ತೆ. ಹೀಗೇ ಉಜ್ಜುತ್ತಾ ಹೋದರೆ ಕೊನೆಗೆ ಆ ಹೆಡ್ಡು ಗುಜರಿಗೇ.

ನಾನು ನಿಂತು ನೋಡಿದ್ದು ಇನ್ನೊಂದಿದೆ. ಹೆಡ್ ಬೋಲ್ಟನ್ನು ಹುಡುಗನೊಬ್ಬ ಸ್ಪ್ಯಾನರಿಗೆ ಪೈಪ್ ಸಿಕ್ಕಿಸಿ, ಒಂದು ತುದಿಯಿಂದ ಶುರು ಮಾಡಿ ಬಿಗಿ ಮಾಡುತ್ತಿದ್ದ. ಎಷ್ಟು ಬಿಗಿಯಾಯ್ತು ಅಂತ ಅಳೆದು ತೋರಿಸುವ ಟಾರ್ಕ್ ರೆಂಚ್ ಗೋಡೆಗೆ ನೇತುಹಾಕಿತ್ತು, ಧೂಳು ಹಿಡಿದು! ಈ ಬೋಲ್ಟುಗಳನ್ನು ಮಧ್ಯದಿಂದ ಹೊರಕ್ಕೆ, ಹಂತಹಂತವಾಗಿ, ಅಳತೆ ಇಟ್ಟು ಬಿಗಿಯಬೇಕು. ಇಲ್ಲದಿದ್ದರೆ ಹೊಸ ಗ್ಯಾಸ್ಕೆಟ್ ಹಾಕಿಯೂ ಸುಮ್ನೆ. ಹೇಳಿದರೆ "ಕೈಗೆ ಗೊತ್ತಾಗುತ್ತೆ ಸಾರ್" ಅಂತ ನಕ್ಕ.

ಕೊನೆಗೆ ನಮ್ಮ ಭಾವ ಶಿವಮೊಗ್ಗದಲ್ಲಿ ಒಬ್ಬ ಹಿರಿಯ ಮೆಕ್ಯಾನಿಕ್ ಹತ್ತಿರ ಕರೆದುಕೊಂಡು ಹೋದರು. ಅವರು ಮೊದಲಿಗೆ ಸ್ಪ್ಯಾನರನ್ನೇ ಮುಟ್ಟಲಿಲ್ಲ. ಗಾಡಿ ಬಿಸಿಯಾಗಲು ಬಿಟ್ಟು ಆಫ್ ಮಾಡಿಸಿ, ರೇಡಿಯೇಟರ್ ಮೇಲೆ ಅಲ್ಲಲ್ಲಿ ಅಂಗೈ ಇಟ್ಟರು. ಮೇಲುಗಡೆ ಕೈ ಸುಡುವಷ್ಟು ಬಿಸಿ, ಕೆಳಗಿನ ಒಂದು ಮೂಲೆ ತಣ್ಣಗೆ. "ಇಲ್ಲಿ ನೀರೇ ಹರೀತಿಲ್ಲ ಮಾರಾಯ್ರೆ, ಚೋಕ್ ಆಗಿದೆ" ಅಂದರು. ಆಮೇಲೆ ಫ್ಯಾನ್ ನೋಡಿದರು. ಇಂಜಿನ್ ಬಿಸಿಯಾದಾಗ ತಾನಾಗಿ ತಿರುಗಬೇಕಾದ ಫ್ಯಾನ್ ತಿರುಗುತ್ತಲೇ ಇರಲಿಲ್ಲ, ಸ್ವಿಚ್ ಸತ್ತಿತ್ತು. ಥರ್ಮೋಸ್ಟಾಟ್ ಮನೆ ಬಿಚ್ಚಿದರೆ ಒಳಗೆ ಖಾಲಿ. ಪೇಟೆಯವರು ಅದನ್ನು ಕಿತ್ತು ಎಸೆದಿದ್ದರು, ನಮಗೆ ಹೇಳಿಯೂ ಇರಲಿಲ್ಲ.

ಥರ್ಮೋಸ್ಟಾಟ್ ತೆಗೆದರೆ ಇಂಜಿನ್ ತಂಪಾಗಿರುತ್ತೆ ಅಂತ ನಮ್ಮ ಕಡೆ ಬಹಳ ಗ್ಯಾರೇಜುಗಳಲ್ಲಿ ನಂಬಿಕೆ. ಅದು ನೀರು 82 ಡಿಗ್ರಿ ಆಸುಪಾಸಿಗೆ ಬಂದಾಗ ರೇಡಿಯೇಟರ್ ಕಡೆಗೆ ತೆರೆದುಕೊಳ್ಳುವ ಒಂದು ಬಾಗಿಲು, ಅಷ್ಟೇ. ಅದಿಲ್ಲದಿದ್ದರೆ ಮಳೆಗಾಲದ ಬೆಳಗ್ಗೆ ಇಂಜಿನ್ ಬೇಗ ಬಿಸಿಯೇರುವುದಿಲ್ಲ, ಪೆಟ್ರೋಲ್ ಕುಡಿಯುತ್ತೆ. ಅದನ್ನು ಕಿತ್ತ ಮಾತ್ರಕ್ಕೆ ಕಟ್ಟಿಕೊಂಡ ರೇಡಿಯೇಟರ್ ಅಂತೂ ತೆರೆದುಕೊಳ್ಳುವುದಿಲ್ಲ. ಇನ್ನು ಪ್ರತಿ ರಿಪೇರಿ ಆದ ಮೇಲೂ ಗ್ಯಾರೇಜಿನವರು ತುಂಬಿದ್ದು ತುಕ್ಕು ತಡೆಯುವ ಕೂಲೆಂಟ್ ಅಲ್ಲ, ನಲ್ಲಿ ನೀರು. ತುಕ್ಕು ಕಟ್ಟದೆ ಇನ್ನೇನಾಗುತ್ತೆ?

ಹೊಸ ರೇಡಿಯೇಟರ್, ಫ್ಯಾನ್ ಸ್ವಿಚ್, ಥರ್ಮೋಸ್ಟಾಟ್, ಕ್ಯಾಪ್, ಕೂಲೆಂಟ್ ಹಾಕಿದರು. ಕ್ಯಾಪ್ ಸಣ್ಣದು ಅಂತ ಬಿಡಬೇಡಿ, ಸ್ಪ್ರಿಂಗ್ ಸಡಿಲವಾದರೆ ಒತ್ತಡ ನಿಲ್ಲದೆ ನೀರು ಬೇಗ ಕುದಿಯುತ್ತೆ. ಪೈಪ್ ಮುಂದಿನಿಂದ ಸೀಟಿನ ಕೆಳಗಿನವರೆಗೆ ಉದ್ದಕ್ಕೆ ಹೋಗುವುದರಿಂದ ಒಳಗೆ ಗಾಳಿ ಸಿಕ್ಕಿಕೊಳ್ಳುತ್ತೆ. ಅದನ್ನು ನಿಧಾನವಾಗಿ ಹೊರಗೆ ಹಾಕಿಸಿದರು. ಮೊದಲ ದಿನವೇ ಇಷ್ಟು ಮಾಡಿದ್ದರೆ ಅಷ್ಟು ಸಲ ಹೆಡ್ ಇಳಿಸುವುದು ಬೇಕಿರಲಿಲ್ಲ. ಎರಡನೇ ಸಲ ಫೇಸಿಂಗ್ ಆದ ಆ ಹೆಡ್ಡೇ ಈಗಲೂ ಇದೆ. ಏರಿನಲ್ಲಿ ಸ್ವಲ್ಪ ಟಕಟಕ ಅನ್ನುತ್ತೆ.

ಹಾಗಾಗಿ ಹೇಳುವುದಿಷ್ಟು. ಬಿಸಿಯಾದದ್ದು ಯಾಕೆ ಅಂತ ತೋರಿಸದೆ ಇಂಜಿನ್ ಬಿಚ್ಚಲು ಒಪ್ಪಬೇಡಿ. ಫ್ಯಾನ್ ತಿರುಗುತ್ತಾ, ರೇಡಿಯೇಟರಿನಲ್ಲಿ ನೀರು ಹರಿಯುತ್ತಾ ಎಂಬುದು ಐದು ನಿಮಿಷದ ಕೆಲಸ. ಹೆಡ್ ಇಳಿಸಲೇಬೇಕಾದರೆ ಲೇತಿಗೆ ಹೋಗುವ ಮುಂಚೆ ಎಷ್ಟು ಸೊಟ್ಟಗಾಗಿದೆ ಅಂತ ಅಳೆಸಿ. ತೆಗೆದ ಹಳೇ ಪಾರ್ಟ್ಸ್ ಕೇಳಿ ತನ್ನಿ.

ಬಿಲ್ ಮಾತ್ರ ಬಿಡಬೇಡಿ. ಸೇವೆಯಲ್ಲಿ ಕೊರತೆ ಆಗಿದೆ ಅಂತ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. ಐದು ಲಕ್ಷದೊಳಗಿನ ವಿಷಯಕ್ಕೆ ಶುಲ್ಕ ಇಲ್ಲ, ವಕೀಲರು ಬೇಕೇ ಬೇಕು ಅಂತಲೂ ಇಲ್ಲ. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ. ನನ್ನ ಕೈಯಲ್ಲಿರುವುದು ಚೀಟಿ, ಯುಪಿಐ ದಾಖಲೆ ಮತ್ತು ಶಿವಮೊಗ್ಗದವರು ಬರೆದುಕೊಟ್ಟ ಪಟ್ಟಿ. ಅದನ್ನೇ ಇಟ್ಟುಕೊಂಡು ನೋಟಿಸ್ ಕಳಿಸಿದ್ದೇನೆ. ಗ್ಯಾರೇಜಿನ ಮಾಲೀಕರು ಫೋನ್ ಮಾಡಿ ಲೇತಿನ ದುಡ್ಡು ವಾಪಸ್ ಕೊಡುತ್ತೇವೆ, ಇಲ್ಲಿಗೆ ಬಿಟ್ಟುಬಿಡಿ ಅಂದರು. ಬರೆದುಕೊಡಿ ಅಂದೆ. ಇನ್ನೂ ಬರೆದುಕೊಟ್ಟಿಲ್ಲ.