ಮೀನಾ, ಕುರಿಯಾ? ಇಂಗ್ಲಿಷ್ ಕ್ಲಾಸಿಗೆ ಎರಡು ಸಿನಿಮಾ

ಶಿರಾ ಕಡೆಯ ಹಳ್ಳಿ ಶಾಲೆಯೊಂದರಲ್ಲಿ ಎಂಟನೇ ಕ್ಲಾಸಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಕನ್ನಡ ಮೀಡಿಯಂ, 34 ಮಕ್ಕಳು, ಒಂದು ಟಿವಿ. ಈ ವರ್ಷ ಎರಡು ಸಿನಿಮಾ ತೋರಿಸಿ ನೋಡಿದೆ.

ಮೊದಲು 'ಫೈಂಡಿಂಗ್ ನೀಮೋ' (2003), ನೀಮೋ ಅನ್ನೋ ಮರಿಮೀನಿನ ಕಾರ್ಟೂನ್ ಸಿನಿಮಾ. ಇಂಗ್ಲಿಷ್ ಸಬ್‌ಟೈಟಲ್ ಹಾಕಿದರೆ ಮಕ್ಕಳು ಕೇಳ್ತಾ ಓದ್ತಾ ಕಲಿತುಬಿಡ್ತಾರೆ ಅಂತ ಎಲ್ಲರೂ ಹೇಳ್ತಾರಲ್ವಾ, ನಾನೂ ನಂಬಿದ್ದೆ. 100 ನಿಮಿಷದ ಸಿನಿಮಾ, 40 ನಿಮಿಷದ ಪೀರಿಯಡ್, ಮೂರು ದಿನ ಹಿಡಿಯಿತು. ಮಕ್ಕಳಿಗೇನೋ ಖುಷಿಯೋ ಖುಷಿ. ಆದರೆ ಅಕ್ಷರ ಕೂಡಿಸಿ ಮೊದಲ ಪದ ಓದುವಷ್ಟರಲ್ಲಿ ಸಾಲೇ ಮಾಯ. ನಡುನಡುವೆ ನಿಲ್ಲಿಸಿ ಕನ್ನಡದಲ್ಲಿ ಹೇಳೋಕೆ ಶುರು ಮಾಡಿದೆ, ಅಷ್ಟೇ, ಆಮೇಲೆ ಒಬ್ಬರೂ ಇಂಗ್ಲಿಷ್ ಕಡೆ ಕಿವಿ ಕೊಡಲಿಲ್ಲ. ಉಳಿದಿದ್ದು ಒಂದೇ ಪದ. ಅದರಲ್ಲಿ ಬರುವ ಆಮೆ ಮಾತುಮಾತಿಗೂ 'ಡ್ಯೂಡ್' ಅನ್ನುತ್ತೆ. ಮರುದಿನ ಹಾಜರಿ ಕೂಗಿದರೆ ಹಿಂದಿನ ಬೆಂಚಿಂದ 'ಎಸ್ ಡ್ಯೂಡ್'!

ಆಮೇಲೆ 'ಶಾನ್ ದ ಶೀಪ್ ಮೂವಿ' (2015). ಇದರಲ್ಲಿ ಮಾತೇ ಇಲ್ಲ, ಬರೀ ಗೊಣಗಾಟ, ಬ್ಯಾ ಬ್ಯಾ. 85 ನಿಮಿಷ ಪೂರ್ತಿ ಹಾಕಲಿಲ್ಲ. ಎರಡೆರಡು ನಿಮಿಷ ತೋರಿಸಿ ನಿಲ್ಲಿಸಿ, ಏನಾಯ್ತು ಅಂತ ಇಂಗ್ಲಿಷಲ್ಲಿ ಕೇಳಿದೆ. ಹೆಡ್‌ಮಾಸ್ಟರ್ ಇಣುಕಿ ನೋಡಿ, "ಇದರಲ್ಲಿ ಇಂಗ್ಲಿಷ್ ಎಲ್ಲಿದೆ ಮೇಡಂ?" ಅಂದರು. ಇಲ್ಲದೇ ಇರೋದೇ ಅನುಕೂಲ ಸಾರ್, ಮಕ್ಕಳೇ ತುಂಬಬೇಕು.

ಒಂದು ಕಡೆ ಕುರಿಗಳು ಒಂದರ ಹಿಂದೆ ಒಂದು ಬೇಲಿ ಹಾರುತ್ತವೆ, ನೋಡ್ತಾ ನೋಡ್ತಾ ಯಜಮಾನ ನಿದ್ದೆ ಹೋಗುತ್ತಾನೆ. "ಶೀಪ್ಸ್ ಜಂಪಿಂಗ್, ಮ್ಯಾನ್ ಸ್ಲೀಪಿಂಗ್" ಅಂದಳು ಯಾವತ್ತೂ ಬಾಯಿ ಬಿಡದ ಹುಡುಗಿ. ನಮ್ಮಲ್ಲಿ ಕುರಿ ಕುರಿಗಳಾಗುತ್ತವೆ, ಇಂಗ್ಲಿಷಲ್ಲಿ ಒಂದಿದ್ದರೂ ಶೀಪ್, ನೂರಿದ್ದರೂ ಶೀಪ್. ಇದನ್ನು ಬೋರ್ಡ್ ಮೇಲೆ ಎಷ್ಟು ಸಲ ಬರೆದಿದ್ದೆನೋ, ತಲೆಗೆ ಹೋಗಿದ್ದು ಆವತ್ತು. 'ಒನ್ ಶೀಪ್ ಈಸ್ ಜಂಪಿಂಗ್, ಟೆನ್ ಶೀಪ್ ಆರ್ ಜಂಪಿಂಗ್' ಅಂತ ಕ್ಲಾಸ್ ಪೂರ್ತಿ ಕೂಗಾಟ.

ಕುರಿ ಸಿನಿಮಾದ ಕೊರತೆಯೂ ಅದೇ: ಕಿವಿಗೆ ಇಂಗ್ಲಿಷ್ ಬೀಳಲ್ಲ, ಬಿದ್ದರೆ ನನ್ನ ಉಚ್ಚಾರಣೆ ಮಾತ್ರ. ಅದಕ್ಕೆ ನೀಮೋನೇ ಬೇಕು. ಈಗ ಒಂದೇ ದೃಶ್ಯ ಆರಿಸಿ, ಅದರ ಮಾತು ಮೊದಲೇ ಬೋರ್ಡ್ ಮೇಲೆ ಬರೆದು, ಮೂರು ಸಲ ಹಾಕುತ್ತೇನೆ. ಪರವಾಗಿಲ್ಲ, ನಡೆಯುತ್ತೆ. ಆದರೂ ವಾರಕ್ಕೊಂದು ಪೀರಿಯಡ್ ಸಿಕ್ಕರೆ ನನ್ನ ಓಟು ಕುರಿಗೇ.

ಅಂದಹಾಗೆ, ಬೇಲಿ ಹಾರುವ ಕುರಿ ಎಣಿಸಿದರೆ ನಿದ್ದೆ ಬರುತ್ತೆ ಅಂತ ಇಂಗ್ಲಿಷರಲ್ಲಿ ಒಂದು ಮಾತಿದೆಯಲ್ಲ, ಅದು ನಮ್ಮ ಮಕ್ಕಳಿಗೆ ಅರ್ಥವೇ ಆಗಲಿಲ್ಲ. ಕುರಿ ಸಾಕುವ ಮನೆಯ ಹುಡುಗ ಎದ್ದು, "ಸಂಜೆ ರೊಪ್ಪಕ್ಕೆ ಕೂಡುವಾಗ ಎಣಿಸ್ತೀವಿ ಮಿಸ್, ಆಗ ನಿದ್ದೆ ಮಾಡಿದ್ರೆ ನಮ್ಮಪ್ಪ ಬಿಡ್ತಾನಾ?" ಅಂದ. ಅದನ್ನೇ ಇಂಗ್ಲಿಷಲ್ಲಿ ಹೇಳೋ ಅಂದೆ. ಸ್ವಲ್ಪ ಯೋಚಿಸಿ ಹೇಳಿದ: "ಐ ಆಮ್ ಸ್ಲೀಪಿಂಗ್, ಫಾದರ್ ಈಸ್ ಬೀಟಿಂಗ್."